ಗಾಲ್ಫ್: ಹೊಸ ಡ್ರೈವರ್ (ದೂರ ಹೊಡೆಯುವ ಕ್ಲಬ್) ಕೊಂಡರೂ ಚೆಂಡು ಬಲಕ್ಕೇ ಹೋಗುತ್ತಿದೆ, ಏನು ಮಾಡಲಿ?

ಬೆಟ್ಟದ_ತಪ್ಪಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಗಾಲ್ಫ್ ಶುರು ಮಾಡಿ ಎರಡೂವರೆ ವರ್ಷ ಆಯಿತು. ಭಾನುವಾರ ಬೆಳಿಗ್ಗೆ 18 ಹೋಲ್, ವಾರದ ಮಧ್ಯೆ ಬಿಡುವು ಸಿಕ್ಕರೆ ಒಂದು ಬಕೆಟ್ ಚೆಂಡು, ಅಷ್ಟೇ. ಹ್ಯಾಂಡಿಕ್ಯಾಪ್ 26, ಅಂದರೆ ಕೋರ್ಸಿಗೆ ನಿಗದಿಯಾದದ್ದಕ್ಕಿಂತ ಸುಮಾರು 26 ಹೊಡೆತ ಜಾಸ್ತಿ.

ನನ್ನ ತೊಂದರೆ ಡ್ರೈವರ್‌ದು. ನಾನು ಬಲಗೈ ಆಟಗಾರ. ಟೀ (ಚೆಂಡು ಇಡುವ ಸಣ್ಣ ಕಡ್ಡಿ) ಮೇಲಿಂದ ಹೊಡೆದ ಚೆಂಡು ನೇರವಾಗಿಯೋ ಸ್ವಲ್ಪ ಎಡಕ್ಕೋ ಹೊರಡುತ್ತದೆ, ಅರ್ಧ ದಾರಿ ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಕುಡುಗೋಲಿನ ಹಾಗೆ ಬಾಗಿ ಬಲಗಡೆ ಮರಗಳೊಳಗೆ ಬೀಳುತ್ತದೆ. ಮೂರು ತಿಂಗಳ ಹಿಂದೆ ಹಳೆಯದನ್ನು ಕೊಟ್ಟು ಹೊಸ ಡ್ರೈವರ್ ತಗೊಂಡೆ. 10.5 ಡಿಗ್ರಿ ಲಾಫ್ಟ್ (ಮುಖದ ಓರೆ), ಸ್ಟಿಫ್ ಅಂದರೆ ಕಮ್ಮಿ ಬಾಗುವ ಶಾಫ್ಟ್ (ಕ್ಲಬ್ಬಿನ ಕೋಲು). 48 ಸಾವಿರ ಆಯಿತು. ಮೊದಲ ಎರಡು ವಾರ ರೇಂಜಿನಲ್ಲಿ ಹೊಡೆದಾಗ ಎಲ್ಲಾ ಸರಿಹೋಯಿತು ಅಂದುಕೊಂಡೆ. ಕೋರ್ಸಿಗೆ ಬಂದರೆ ಅದೇ ಕಥೆ. ಈಗ ಅಂಗಡಿಯವರು ಶಾಫ್ಟ್ ಬದಲಾಯಿಸಿ, ಇನ್ನೊಂದು 18 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ.

ಹೋದ ಭಾನುವಾರದ ಕಾರ್ಡ್ ಎದುರಿಗೇ ಇದೆ. 104 ಹೊಡೆತ. ಅದರಲ್ಲಿ 39 ಪಟ್ (ತೂತಿನ ಕಡೆ ಉರುಳಿಸುವ ಹೊಡೆತ). ಟೀ ಶಾಟ್‌ನಲ್ಲಿ ಕಳೆದ ಚೆಂಡು ಐದು. ಹದಿನೈದು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿದ್ದೇನೆ, ಕೈಯಲ್ಲಿ ಶಕ್ತಿಗೇನೂ ಕಮ್ಮಿ ಇಲ್ಲ.

ಶಾಫ್ಟ್ ಬದಲಾಯಿಸಲಾ? ಇದನ್ನು ಮಾರಿ ಸ್ಲೈಸ್ (ಹೀಗೆ ಬಲಕ್ಕೆ ಬಾಗುವುದು) ಕಮ್ಮಿ ಮಾಡುವ ಡ್ರಾ (ಎಡಕ್ಕೆ ಬಾಗಿಸುವ) ಮಾಡೆಲ್ ತಗೊಳ್ಳಲಾ? ಅಥವಾ ಆ ದುಡ್ಡನ್ನು ಕೋಚ್‌ಗೆ ಕೊಡಲಾ? ಆಟದ ಮೇಲೆ ಪ್ರೀತಿ ಜಾಸ್ತಿ ಆಗಿದೆ, ಬಿಡುವ ಮನಸ್ಸಿಲ್ಲ. ಹಾಗಂತ ಮನೆಯಲ್ಲಿ ಮಗಳ ಕಾಲೇಜು ಫೀಸಿನ ತಿಂಗಳಲ್ಲಿ ಮತ್ತೆ ದುಡ್ಡು ತೆಗೆಯುವುದಕ್ಕೂ ಮನಸ್ಸು ಬರುತ್ತಿಲ್ಲ.

ಏಳನೇ_ಐರನ್ (ಬೆಂಗಳೂರು)

ಸರ್, ಶಾಫ್ಟ್‌ಗೆ ದುಡ್ಡು ಕೊಡಬೇಡಿ. ಈಗಲೇ ಬೇಡ.

ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದನ್ನು ಮುಕ್ಕಾಲಿಗಿಂತ ಜಾಸ್ತಿ ತೀರ್ಮಾನ ಮಾಡುವುದು ಹೊಡೆತದ ಕ್ಷಣದಲ್ಲಿ ಕ್ಲಬ್ಬಿನ ಮುಖ ಯಾವ ಕಡೆ ನೋಡುತ್ತಿದೆ ಅನ್ನುವುದು. ಆಮೇಲೆ ಯಾವ ಕಡೆ ಬಾಗುತ್ತದೆ ಅನ್ನುವುದು ಆ ಮುಖಕ್ಕೂ ಕ್ಲಬ್ ಬೀಸಿಕೊಂಡು ಬಂದ ದಾರಿಗೂ ಇರುವ ವ್ಯತ್ಯಾಸದಿಂದ. ನಿಮ್ಮ ಚೆಂಡು ನೇರ ಅಥವಾ ಎಡಕ್ಕೆ ಹೊರಡುತ್ತದೆ ಅಂದರೆ ಮುಖ ಅಂಥ ಕೆಟ್ಟದಾಗಿ ತೆರೆದಿಲ್ಲ. ಕ್ಲಬ್ ಬರುವ ದಾರಿ ಅದಕ್ಕಿಂತ ತುಂಬಾ ಎಡಕ್ಕಿದೆ. ಹೊರಗಿನಿಂದ ಒಳಕ್ಕೆ ಕೊಯ್ದ ಹಾಗೆ ಹೊಡೆಯುತ್ತಿದ್ದೀರಿ. ಚೆಂಡು ಬಲಕ್ಕೆ ಹೋಗುತ್ತದೆ ಅಂತ ಹೆದರಿ ಇನ್ನೂ ಎಡಕ್ಕೆ ನಿಂತುಕೊಳ್ಳುತ್ತೀರಿ, ಆಗ ಕೊಯ್ತ ಇನ್ನೂ ಜಾಸ್ತಿಯಾಗುತ್ತದೆ, ಚೆಂಡು ಇನ್ನೂ ಬಾಗುತ್ತದೆ. ನಾನು ಎರಡು ವರ್ಷ ಇದರಲ್ಲೇ ಸುತ್ತಿದ್ದೇನೆ.

ಕ್ರಿಕೆಟ್ ಹೇಳಿದಿರಲ್ಲ, ಅದು ಮುಖ್ಯ. ಬ್ಯಾಟ್ ಹಿಡಿಯುವಾಗ ಎಡಗೈಯ ಹಿಂಭಾಗ ಮಿಡ್ ಆಫ್ ಕಡೆ ನೋಡುತ್ತದೆ. ಸ್ಟ್ರೇಟ್ ಡ್ರೈವ್‌ನಲ್ಲಿ ಬ್ಯಾಟಿನ ಮುಖ ಬೌಲರ್ ಕಡೆಗೇ ಇರಲಿ ಅಂತ ಮಣಿಕಟ್ಟು ತಿರುಗದ ಹಾಗೆ ಹಿಡಿದುಕೊಳ್ಳುತ್ತೇವೆ. ಗಾಲ್ಫ್‌ನಲ್ಲಿ ಕ್ಲಬ್ ಮೈ ಸುತ್ತ ಸುತ್ತಿಕೊಂಡು ಬರುತ್ತದೆ. ಮುಂದೋಳು ತಿರುಗಲಿಲ್ಲ ಅಂದರೆ ಮುಖ ಮುಚ್ಚುವುದಿಲ್ಲ. ಅದನ್ನು ಹೇಗೋ ಗುರಿ ಕಡೆ ತರಬೇಕು ಅಂತ ಮೈ ತಾನಾಗಿ ಕ್ಲಬ್ಬನ್ನು ಎಡಕ್ಕೆ ಎಳೆಯುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚುತ್ತದೆ, ಅಷ್ಟೇ.

ಈಗಲೇ ಒಂದು ಕೋಲೋ ಕೊಡೆಯೋ ಹಿಡಿದು ನೋಡಿ. ಗಾಲ್ಫ್ ಹಿಡಿತದಲ್ಲಿ ಕೆಳಗೆ ನೋಡಿದಾಗ ಎಡಗೈಯ ಎಷ್ಟು ಗೆಣ್ಣು ಕಾಣುತ್ತವೆ? ಒಂದೇ ಕಂಡರೆ ಹಿಡಿತ ಸಡಿಲ ಅಂತಲ್ಲ, ಕೈ ಎಡಕ್ಕೆ ತಿರುಗಿದೆ ಅಂತ. ಎರಡೂವರೆ ಗೆಣ್ಣು ಕಾಣುವ ತನಕ ಎಡಗೈಯನ್ನು ಬಲಕ್ಕೆ ತಿರುಗಿಸಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ಹೋಗಬೇಕು. ಮೊದಲ ವಾರ ತುಂಬಾ ವಿಚಿತ್ರ ಅನ್ನಿಸುತ್ತದೆ, ಕ್ಲಬ್ ಕೈಯಿಂದ ಜಾರಿಹೋಗುತ್ತದೇನೋ ಅನ್ನಿಸುತ್ತದೆ. ಆದರೂ ಬಿಡಬೇಡಿ.

ಇನ್ನೊಂದು. ಮಕ್ಕಳ ವೈಟ್‌ಬೋರ್ಡ್ ಮಾರ್ಕರ್ ತಗೊಂಡು ಚೆಂಡಿನ ಮೇಲೆ ರೂಪಾಯಿ ಅಗಲ ಬಣ್ಣ ಬಳಿಯಿರಿ. ಬಣ್ಣದ ಭಾಗ ಕ್ಲಬ್ಬಿಗೆ ತಾಗುವ ಹಾಗೆ ಟೀ ಮೇಲಿಟ್ಟು ಹೊಡೆಯಿರಿ. ಕ್ಲಬ್ಬಿನ ಮುಖದ ಮೇಲೆ ಗುರುತು ಬೀಳುತ್ತದೆ. ಹತ್ತು ಚೆಂಡು ಹೊಡೆದು ಗುರುತು ಎಲ್ಲಿ ಬೀಳುತ್ತಿದೆ ಅಂತ ಬಂದು ಹೇಳಿ. ಅದು ಗೊತ್ತಾಗುವ ತನಕ ಯಾವ ಅಂಗಡಿಗೂ ಹೋಗಬೇಡಿ.

ಹಳೇ_ಪಟರ್ (ಬೆಂಗಳೂರು)

ಎಲ್ಲರೂ ಡ್ರೈವರ್ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕಣ್ಣು 39 ಪಟ್ ಮೇಲೆ ನಿಂತಿದೆ. 18 ಹೋಲ್‌ಗೆ ಎರಡೆರಡು ಅಂದರೂ 36. ಅಂದರೆ ಸುಮಾರು ಮೂರು ಕಡೆಯಾದರೂ ಮೂರು ಪಟ್ ಹೊಡೆದಿರಬೇಕು. ಡ್ರೈವರ್ ಸರಿಯಾಗಲು ತಿಂಗಳುಗಟ್ಟಲೆ ಬೇಕು. ಪಟ್ಟಿಂಗ್‌ಗೆ ಮನೆಯ ಚಾಪೆ ಸಾಕು.

ದೂರ ಹೊಡೆಯುವುದೇ ಆಟ ಅನ್ನುವ ಭ್ರಮೆ ನನಗೂ ಇತ್ತು. ಅದು ಹೋಗಿದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನವೂ ಪದಕದ ಓಟದಲ್ಲಿದ್ದರು ನೋಡಿ, ಆಗ. ಆ ವರ್ಷ ಕೋವಿಡ್ ಬಂದು ಹೋಗಿತ್ತು ಅವರಿಗೆ, ಟೀ ಮೇಲಿಂದ ಅಲ್ಲಿದ್ದವರಲ್ಲಿ ತುಂಬಾ ಕಮ್ಮಿ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ಬೇರೆಯವರು ಹತ್ತಿರಕ್ಕೆ ಹೊಡೆಯುವ ಚಿಕ್ಕ ಐರನ್ ಹಿಡಿದು ಗ್ರೀನ್‌ಗೆ (ತೂತಿನ ಸುತ್ತಲ ನುಣ್ಣನೆ ಹುಲ್ಲು) ಹೊಡೆಯುವ ಜಾಗದಲ್ಲಿ ಇವರು ದೂರಕ್ಕೆ ಹೊಡೆಯುವ ಹೈಬ್ರಿಡ್ ಹಿಡಿಯಬೇಕಿತ್ತು. ಆದರೂ ನಾಲ್ಕನೇ ಸ್ಥಾನ, ಬರೀ ಒಂದು ಹೊಡೆತದಲ್ಲಿ ಪದಕ ಹೋಯಿತು. ಅಷ್ಟು ದೂರ ತಂದಿದ್ದು ಪಟರ್. ಆವತ್ತು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದೆ, ಕೊನೆಯ ಹೋಲ್‌ನಲ್ಲಿ ಆ ಪಟ್ ತಪ್ಪಿದಾಗ ಗಂಟಲು ಕಟ್ಟಿತು.

ನಿಮ್ಮ ಬ್ಯಾಗ್ ಹೊರುವ ಕ್ಯಾಡಿಯನ್ನು ಕೇಳಿ. ನಿಜವಾಗಿ ಹೇಳುತ್ತಿದ್ದೇನೆ. ನಮ್ಮ ಊರಿನ ಕ್ಯಾಡಿಗಳಿಗೆ ಗ್ರೀನ್ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಿದ್ದಾರೆ, ಸುಮ್ನೆ ಅಲ್ಲ. ನನ್ನ ಜೊತೆ ಬರುವ ಅಣ್ಣ ಪಟ್ ಹೊಡೆಯುವ ಮುಂಚೆ "ಸರ್, ಎಡಗಡೆ ಒಂದು ಕಪ್ ಕೊಡಿ" ಅನ್ನುತ್ತಾರೆ. ಒಂದು ಕಪ್ ಅಂದರೆ ತೂತಿನ ಅಗಲ, 108 ಮಿಲಿಮೀಟರ್. ಅವರು ಹೇಳಿದ ಮೇಲೂ ನಾನು ಗುರಿ ಬದಲಾಯಿಸಿದ ದಿನ ಚೆಂಡು ತಪ್ಪಿದ್ದೇ ಜಾಸ್ತಿ.

ಅವರೇ ಹುಲ್ಲು ನೋಡುವುದನ್ನೂ ಕಲಿಸಿದರು. ಬರ್ಮುಡಾ ಹುಲ್ಲು ಒಂದೇ ಕಡೆ ವಾಲಿಕೊಂಡು ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ತೂತಿನ ಕಡೆ ನೋಡಿದಾಗ ಹುಲ್ಲು ಹೊಳೆದರೆ ಅದು ನಿಮ್ಮ ಕಡೆಯಿಂದ ಆಚೆ ವಾಲಿದೆ, ಚೆಂಡು ಓಡುತ್ತದೆ. ಕಪ್ಪಗೆ ಕಂಡರೆ ಎದುರಿಗೆ ವಾಲಿದೆ, ಸ್ವಲ್ಪ ಜೋರಾಗಿ ಹೊಡೆಯಬೇಕು. ಬೆಳಿಗ್ಗೆ ಇಬ್ಬನಿ ಇರುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಎಂಟೂವರೆ ಮೇಲೆ ಬಿಸಿಲು ಬಿದ್ದಾಗ ನೋಡಿ.

ಕಾಫಿತೋಟ_ಮತ್ತು_ಬ್ಯಾಗ್ (ಕೊಡಗು)

ಇಬ್ಬರೂ ಸಲಕರಣೆ ಬೇಡ ಅನ್ನುವ ಹಾಗೆ ಮಾತಾಡಿದ್ದೀರಿ. ನಾನು ಒಪ್ಪುವುದಿಲ್ಲ. ನಾನು ಮೊದಲ ಮೂರು ವರ್ಷ ಆಡಿದ್ದು ನಮ್ಮ ಯಜಮಾನರ ಹಳೇ ಸೆಟ್‌ನಲ್ಲಿ. ಸ್ಟೀಲ್ ಶಾಫ್ಟ್, ಸ್ಟಿಫ್, ನನಗಿಂತ ಅರ್ಧ ಅಡಿ ಎತ್ತರದ ಗಂಡಸಿಗೆ ಮಾಡಿದ್ದು. 5 ಐರನ್ ಎಷ್ಟು ಹೊಡೆದರೂ ಮೇಲೇಳುತ್ತಲೇ ಇರಲಿಲ್ಲ. ಎಲ್ಲರೂ ನನ್ನ ಸ್ವಿಂಗ್ ಸರಿಯಿಲ್ಲ ಅಂದರು, ನಾನೂ ನಂಬಿದ್ದೆ. ಒಂದು ದಿನ ಜೊತೆಗೆ ಆಡಲು ಬಂದ ಒಬ್ಬ ಅಕ್ಕ ತಮ್ಮ ಗ್ರಾಫೈಟ್ ಶಾಫ್ಟಿನ ಹೈಬ್ರಿಡ್ ಕೈಗೆ ಕೊಟ್ಟರು. ಮೊದಲ ಚೆಂಡೇ ಮರದ ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯಿತು. ಅದೇ ಕೈ, ಅದೇ ಸ್ವಿಂಗ್. ಕ್ಲಬ್ ಮೈಗೆ ಸರಿಹೊಂದದಿದ್ದರೆ ಎಷ್ಟು ಕ್ಲಾಸ್ ತಗೊಂಡರೂ ಪ್ರಯೋಜನವಿಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ, ತುಂಬಾ ಎತ್ತರ ಅಥವಾ ಕುಳ್ಳಗಿರುವವರಿಗೆ ಇದು ದೊಡ್ಡ ವಿಷಯ. ಗಂಡಸರು ಇದನ್ನು ಬೇಗ ಮರೆತುಬಿಡುತ್ತಾರೆ.

ಆದರೆ ಸರ್, ನಿಮ್ಮ ವಿಷಯದಲ್ಲಿ ಡ್ರೈವರ್‌ಗಿಂತ ಮೊದಲು ನಾನು ನೋಡುವುದು ಗ್ರಿಪ್ ರಬ್ಬರ್. ಹಳೇ ಐರನ್‌ಗಳ ಗ್ರಿಪ್ ಹೊಳೆಯುತ್ತಿದೆಯಾ? ಹೆಬ್ಬೆರಳು ಇಡುವ ಜಾಗ ನುಣ್ಣಗಾಗಿದೆಯಾ? ಹಾಗಿದ್ದರೆ ಜಾರುತ್ತದೆ ಅಂತ ನಮಗೇ ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದ ಕೈ ತಿರುಗುವುದಿಲ್ಲ. ಗ್ರಿಪ್ ಬದಲಾಯಿಸುವುದು ದೊಡ್ಡ ಖರ್ಚಲ್ಲ. ಅಷ್ಟೂ ಆಗದಿದ್ದರೆ ಸೋಪಿನ ನೀರಲ್ಲಿ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಅರ್ಧ ಜೀವ ವಾಪಸ್ ಬರುತ್ತದೆ.

ಇನ್ನು ವೆಡ್ಜ್, ಗ್ರೀನ್ ಹತ್ತಿರ ಚೆಂಡು ಎತ್ತಿ ಹೊಡೆಯುವ ಕ್ಲಬ್. ಇದನ್ನು ಯಾರೂ ಹೇಳುವುದಿಲ್ಲ. ಕ್ಲಬ್ಬಿನ ತಳದ ಹಿಂಭಾಗ ಉಬ್ಬಿರುತ್ತದಲ್ಲ, ಅದನ್ನು ಬೌನ್ಸ್ ಅನ್ನುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ನೆಲ ಮೆತ್ತಗಿರುತ್ತದೆ, ಬೌನ್ಸ್ ಜಾಸ್ತಿ ಇದ್ದರೆ ಕ್ಲಬ್ ಮಣ್ಣಲ್ಲಿ ಹೂತುಕೊಳ್ಳುವುದಿಲ್ಲ. ಅದೇ ವೆಡ್ಜ್ ಹಿಡಿದು ಮಾರ್ಚ್ ತಿಂಗಳಲ್ಲಿ ಬಯಲುಸೀಮೆಯ ಕೋರ್ಸಿಗೆ ಬಂದರೆ ನೆಲ ಕಲ್ಲಿನ ಹಾಗಿರುತ್ತದೆ. ತಳ ನೆಲಕ್ಕೆ ಬಡಿದು ಪುಟಿಯುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ತಾಗಿ ಗ್ರೀನ್ ದಾಟಿ ಆಚೆ ಓಡುತ್ತದೆ. ಅದಕ್ಕೆ ಮೈಸೂರಲ್ಲಿ ಬೇಸಿಗೆಯಲ್ಲಿ ನಾನು ಗ್ರೀನ್ ಪಕ್ಕ ಸ್ಯಾಂಡ್ ವೆಡ್ಜ್ ಮುಟ್ಟುವುದೇ ಇಲ್ಲ. 8 ಐರನ್ ಹಿಡಿದು ಪಟ್ ಹೊಡೆದ ಹಾಗೆ ತಳ್ಳುತ್ತೇನೆ, ಚೆಂಡು ಸ್ವಲ್ಪ ಎದ್ದು ಗ್ರೀನ್ ಮೇಲೆ ಬಿದ್ದು ಉರುಳಿಕೊಂಡು ಹೋಗುತ್ತದೆ. 39 ಪಟ್‌ಗೆ ಇದೂ ಒಂದು ಕಾರಣ ಇರಬಹುದು. ಇಂಥ ಸಣ್ಣ ಹೊಡೆತ, ಚಿಪ್, ತೂತಿನ ಹತ್ತಿರ ನಿಂತರೆ ತಾನೇ ಒಂದು ಪಟ್‌ನಲ್ಲಿ ಮುಗಿಯುವುದು?

ಬೆಟ್ಟದ_ತಪ್ಪಲು (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಇವತ್ತು ಸಂಜೆ ಮಗಳ ನೀಲಿ ಮಾರ್ಕರ್ ತಗೊಂಡು ರೇಂಜಿಗೆ ಹೋಗಿದ್ದೆ. ಹತ್ತು ಚೆಂಡು, ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆದೆ. ಹತ್ತರಲ್ಲಿ ಏಳು ಗುರುತು ಮಧ್ಯದಲ್ಲಿಲ್ಲ. ನನ್ನ ಕಡೆಗೆ, ಅಂದರೆ ಶಾಫ್ಟ್ ಕಡೆಗೆ, ಎರಡು ಬೆರಳು ಅಗಲ ಒಳಗೆ ಇವೆ. ಇನ್ನೊಂದು ಗುರುತು ಶಾಫ್ಟ್ ಸೇರುವ ಜಾಗದ ಪಕ್ಕದಲ್ಲೇ ಇತ್ತು. ಮಧ್ಯಕ್ಕೆ ತಾಗಿದ ಎರಡು ಚೆಂಡು ಬಾಗಿದ್ದು ಬಹಳ ಕಮ್ಮಿ, ಅದು ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಕೈಗೂ ಬೇರೆ ಥರ ಅನ್ನಿಸಿತು, ಹೊಡೆದ ಹಾಗೇ ಅನ್ನಿಸಲಿಲ್ಲ.

ಎಡಗೈ ಗೆಣ್ಣು ಒಂದೇ ಕಾಣುತ್ತಿತ್ತು. ನೀವು ಹೇಳಿದ್ದೇ ಸರಿ.

ಏಳನೇ_ಐರನ್ (ಬೆಂಗಳೂರು)

ಸರಿ, ಈಗ ಗೊತ್ತಾಯಿತು. ಹೀಲ್‌ಗೆ, ಅಂದರೆ ಶಾಫ್ಟ್ ಕಡೆಯ ತುದಿಗೆ, ತಾಗಿದಾಗ ಕ್ಲಬ್ಬಿನ ತಲೆ ಸ್ವಲ್ಪ ತಿರುಗುತ್ತದೆ, ಆಗ ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಇನ್ನೂ ಸೇರುತ್ತದೆ. ಕೊಯ್ತದಿಂದ ಒಂದಷ್ಟು, ಹೀಲ್‌ನಿಂದ ಒಂದಷ್ಟು. ನಿಮ್ಮ ಡ್ರೈವರ್ ಯಾವ ಕಂಪನಿಯದೇ ಇರಲಿ ಇದಕ್ಕೆ ಅದೇನೂ ಮಾಡಲಾಗದು.

ರೇಂಜಿನಲ್ಲಿ ಖಾಲಿ ನೀರಿನ ಬಾಟಲ್ ಒಂದನ್ನು ಚೆಂಡಿನ ಆಚೆ ಬದಿಗೆ, ಅಂದರೆ ನಿಮ್ಮಿಂದ ದೂರದ ಬದಿಗೆ, ಒಂದು ಗೇಣು ಹಿಂದೆ ನಿಲ್ಲಿಸಿ. ಕ್ಲಬ್ಬಿನ ತಲೆ ಹಾಯುವಷ್ಟು ಜಾಗ ಬಿಡಿ. ಹೊರಗಿನಿಂದ ಬಂದರೆ ಬಾಟಲ್ ಹಾರುತ್ತದೆ. ಬಾಟಲ್ ಹಾರದ ಹಾಗೆ ಹೊಡೆಯುವುದಷ್ಟೇ ಕೆಲಸ, ಚೆಂಡು ಎಲ್ಲಿಗೆ ಹೋಯಿತು ಅಂತ ನೋಡಲೇಬೇಡಿ. ಅರ್ಧ ಸ್ವಿಂಗ್‌ನಲ್ಲಿ ಶುರು ಮಾಡಿ. ಮೇಲಿಂದ ಇಳಿಯುವಾಗ ಬಲ ಭುಜ ಮುಂದೆ ನುಗ್ಗುವುದೇ ಕೊಯ್ತಕ್ಕೆ ಮೂಲ. ಜೋರಾಗಿ ಹೊಡೆಯಬೇಕು ಅನ್ನಿಸಿದ ತಕ್ಷಣ ಅದು ನುಗ್ಗುತ್ತದೆ. ಸೊಂಟ ಮೊದಲು ತಿರುಗಲಿ, ಭುಜ ಒಂದು ಗಳಿಗೆ ಕಾಯಲಿ.

ಜೊತೆಗೆ ಎರಡು ಸಣ್ಣ ಕೆಲಸ. ಗ್ರಿಪ್ ಮೇಲೆ ಒಂದು ಇಂಚು ಕೆಳಗೆ ಹಿಡಿಯಿರಿ. ಇವತ್ತಿನ ಡ್ರೈವರ್‌ಗಳು 45 ಇಂಚಿಗಿಂತ ಉದ್ದ, ನಮ್ಮಂಥವರಿಗೆ ಅಷ್ಟು ಉದ್ದದಲ್ಲಿ ಮಧ್ಯಕ್ಕೆ ತಾಗಿಸುವುದು ಕಷ್ಟ. ಆಮೇಲೆ ಶಾಫ್ಟ್ ಸೇರುವ ಜಾಗದಲ್ಲಿ ತಿರುಗಿಸಿ ಹೊಂದಿಸುವ ಭಾಗ ಇದ್ದರೆ ಲಾಫ್ಟ್ 12ರ ಹತ್ತಿರಕ್ಕೆ ಏರಿಸಿ. ಲಾಫ್ಟ್ ಜಾಸ್ತಿಯಾದಷ್ಟೂ ಚೆಂಡು ಬಾಗುವುದು ಕಮ್ಮಿ, ಸಾಮಾನ್ಯವಾಗಿ ಮುಖವೂ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಡಬ್ಬಿಯಲ್ಲಿ ಸ್ಪ್ಯಾನರ್ ಕೊಟ್ಟಿರುತ್ತಾರೆ, ದುಡ್ಡು ಬೇಕಿಲ್ಲ. ಶಾಫ್ಟ್ ವಿಷಯ ಆರು ತಿಂಗಳ ಮೇಲೆ ನೋಡೋಣ. ಸ್ಟಿಫ್ ನಿಮಗೆ ಗಟ್ಟಿಯಾಗಿರಲೂಬಹುದು, ಆದರೆ ಈ ಸ್ವಿಂಗ್‌ಗೆ ಅಳತೆ ತಗೊಂಡು ಶಾಫ್ಟ್ ಹಾಕಿಸಿದರೆ ಸ್ವಿಂಗ್ ಬದಲಾದ ಮೇಲೆ ಅದೂ ದಂಡ.

ಉಳಿದ ದುಡ್ಡಲ್ಲಿ ಕೋಚ್ ಹತ್ತಿರ ನಾಲ್ಕು ಕ್ಲಾಸ್ ತಗೊಳ್ಳಿ. ಬಲ ಭುಜ ನುಗ್ಗುತ್ತಿದೆಯೋ ಇಲ್ಲವೋ ನಮಗೆ ನಾವೇ ಹೇಳಿಕೊಳ್ಳಲು ಆಗುವುದಿಲ್ಲ.

ಲೋಥಿಯನ್_ಗಾಳಿ (ಎಡಿನ್‌ಬರೊ)

ತಡವಾಗಿ ನೋಡಿದೆ. ಮೂಲ ಹಾಸನ, ಆರು ವರ್ಷದಿಂದ ಇಲ್ಲಿದ್ದೇನೆ. ಸ್ವಿಂಗ್ ಬಗ್ಗೆ ಅವರು ಹೇಳಿದ್ದು ಸಾಕು, ಆಡುವುದರ ಬಗ್ಗೆ ಒಂದೆರಡು ಮಾತು.

ಊರ ಮಧ್ಯೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಅಂತ ಒಂದು ಬಯಲಿದೆ. ಶತಮಾನಗಳಿಂದ ಅಲ್ಲಿ ಗಾಲ್ಫ್ ಆಡುತ್ತಿದ್ದಾರೆ. ಈಗ ಚಿಕ್ಕ ಚಿಕ್ಕ ಹೋಲ್‌ಗಳಿವೆ, ಆಡಲು ದುಡ್ಡು ಕೊಡಬೇಕಿಲ್ಲ. ಬೇಸಿಗೆ ಸಂಜೆ ಅಜ್ಜ ಮೊಮ್ಮಗ ಇಬ್ಬರೂ ಒಂದು ವೆಡ್ಜ್ ಒಂದು ಪಟರ್ ಹಿಡಿದು ಬರುತ್ತಾರೆ, ಬ್ಯಾಗ್ ಕೂಡ ಇಲ್ಲ. ನಾನು ಭಾರತದಿಂದ 14 ಕ್ಲಬ್ ಹೊತ್ತು ತಂದಿದ್ದೆ. ಇಲ್ಲಿ ಸಾಮಾನ್ಯವಾಗಿ ಕ್ಯಾಡಿ ಇರುವುದಿಲ್ಲ, ಬ್ಯಾಗ್ ನಾವೇ ಹೊರಬೇಕು. ಒಂದು ತಿಂಗಳಲ್ಲಿ ಏಳಕ್ಕೆ ಇಳಿಸಿದೆ. ನಿಯಮದಲ್ಲಿ 14 ಅನ್ನುವುದು ಮೇಲಿನ ಮಿತಿ, ಅಷ್ಟೂ ಇರಲೇಬೇಕು ಅಂತಲ್ಲ. ಏಳೇ ಕ್ಲಬ್ ಇದ್ದರೆ ಒಂದೊಂದರಲ್ಲೂ ಅರ್ಧ, ಮುಕ್ಕಾಲು, ಪೂರ್ತಿ ಹೊಡೆತ ಕಲಿಯಬೇಕಾಗುತ್ತದೆ. ನನ್ನ ಐರನ್ ಆಟ ಸುಧಾರಿಸಿದ್ದು ಹಾಗೆ.

ನಿಮ್ಮ ಹ್ಯಾಂಡಿಕ್ಯಾಪ್‌ಗೆ ಸ್ಟೇಬಲ್‌ಫರ್ಡ್ ಲೆಕ್ಕದಲ್ಲಿ (ಒಟ್ಟು ಹೊಡೆತದ ಬದಲು ಹೋಲ್‌ಗೆ ಇಷ್ಟು ಅಂತ ಪಾಯಿಂಟ್) ಆಡಿ ಅನ್ನುತ್ತೇನೆ. 26 ಹೊಡೆತ ರಿಯಾಯಿತಿ ಸಿಕ್ಕರೆ ಪ್ರತಿ ಹೋಲ್‌ಗೆ ಒಂದು, ಕಷ್ಟದ ಎಂಟು ಹೋಲ್‌ಗೆ ಎರಡು. ಅಂದರೆ ಹತ್ತು ಕಡೆ ಬೋಗಿ, ಎಂಟು ಕಡೆ ಡಬಲ್ ಬೋಗಿ (ಪಾರ್, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಕ್ಕಿಂತ ಒಂದು, ಎರಡು ಜಾಸ್ತಿ) ಹೊಡೆದರೂ ಅದು ನಿಮ್ಮ ಪಾರ್, ಹೋಲ್‌ಗೆ ಎರಡು ಪಾಯಿಂಟ್. ಒಂದು ಹೋಲ್ ಪೂರ್ತಿ ಕೆಟ್ಟರೆ ಚೆಂಡು ಎತ್ತಿಕೊಂಡು ಮುಂದೆ ಹೋಗಬಹುದು, ಒಂಬತ್ತು ಹತ್ತು ಅಂತ ಕಾರ್ಡಿಗೆ ಬರೆಯಬೇಕಿಲ್ಲ. ಆ ಒಂದು ಹೋಲಿನ ಸಂಕಟ ಮುಂದಿನ ಟೀಗೆ ಹಿಂಬಾಲಿಸಿ ಬರುವುದಿಲ್ಲ.

ಕಳೆದುಹೋಗಬಹುದು ಅನ್ನಿಸಿದರೆ ಹುಡುಕಲು ಹೋಗುವ ಮುಂಚೆಯೇ ಪ್ರೊವಿಶನಲ್ (ತಾತ್ಕಾಲಿಕ ಚೆಂಡು) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಮೂರೇ ನಿಮಿಷ, 2019ಕ್ಕೆ ಮುಂಚೆ ಐದಿತ್ತು. ಜಾಗ ಕಿರಿದಾದ ಹೋಲ್‌ಗಳಲ್ಲಿ ಡ್ರೈವರ್ ತೆಗೆಯಲೇಬೇಡಿ, ಹೈಬ್ರಿಡ್‌ನಲ್ಲಿ 150 ಗಜ ಹೊಡೆದು ಫೇರ್‌ವೇನಲ್ಲಿ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ) ಇದ್ದರೆ ಬೋಗಿ ಕೈಯಲ್ಲೇ ಇದೆ.

ಬೆಟ್ಟದ_ತಪ್ಪಲು (ಮೈಸೂರು)

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಶಾಫ್ಟ್ ಬದಲಾಯಿಸಲಿಲ್ಲ. ಲಾಫ್ಟ್ ಏರಿಸಿದೆ, ಐರನ್‌ಗಳಿಗೆ ಹೊಸ ಗ್ರಿಪ್ ಹಾಕಿಸಿದೆ, ಎರಡು ಕ್ಲಾಸ್ ಆಯಿತು. ಮೊದಲ ಹತ್ತು ದಿನ ತುಂಬಾ ಕಷ್ಟ ಆಯಿತು. ಹೊಸ ಹಿಡಿತದಲ್ಲಿ ಚೆಂಡು ಎಡಕ್ಕೆ ಹೋಗತೊಡಗಿತು. ಬಾಟಲ್ ಎಷ್ಟು ಸಲ ಹಾರಿತೋ ಲೆಕ್ಕ ಇಲ್ಲ. ಹಳೇ ಹಿಡಿತಕ್ಕೆ ವಾಪಸ್ ಹೋಗೋಣ ಅಂತ ಒಂದು ರಾತ್ರಿ ತೀರ್ಮಾನವನ್ನೇ ಮಾಡಿದ್ದೆ. ಕೋಚ್ ಬಿಡಲಿಲ್ಲ.

ನಿನ್ನೆಯ ಕಾರ್ಡ್ 99. ಪಟ್ 35. ಡ್ರೈವರ್ ತೆಗೆದದ್ದು ಎಂಟೇ ಹೋಲ್‌ನಲ್ಲಿ, ಅದರಲ್ಲಿ ಕಳೆದದ್ದು ಎರಡು. ಸ್ಲೈಸ್ ಹೋಗಿಲ್ಲ, ಆಯಾಸವಾದಾಗ ಕೊನೆಯ ನಾಲ್ಕು ಹೋಲ್‌ನಲ್ಲಿ ಮತ್ತೆ ಬರುತ್ತದೆ. ಆದರೆ ಒಂದು ಪಾರ್ 4ರಲ್ಲಿ ಚೆಂಡು ಸ್ವಲ್ಪ ಬಲಕ್ಕೆ ಹೊರಟು ಗಾಳಿಯಲ್ಲೇ ಎಡಕ್ಕೆ ತಿರುಗಿ ಫೇರ್‌ವೇ ಮಧ್ಯೆ ಬಿತ್ತು. ಎರಡೂವರೆ ವರ್ಷದಲ್ಲಿ ಅದು ಮೊದಲ ಸಲ. ಕ್ಯಾಡಿ ತಮ್ಮ ಏನೂ ಹೇಳದೆ ಟೀ ಎತ್ತಿ ನನ್ನ ಕೈಗೆ ಕೊಟ್ಟ. ಮುರಿದಿರಲೂ ಇಲ್ಲ. ಅದನ್ನು ಬ್ಯಾಗಿನ ಸಣ್ಣ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ಕೊಡಗಿನ ಮೇಡಂ, 8 ಐರನ್ ಚಿಪ್ ಗ್ರೀನ್ ಪಕ್ಕ ಚೆನ್ನಾಗಿ ಬರುತ್ತಿದೆ, ಆದರೆ ನಡುವೆ ಬಂಕರ್ (ಮರಳಿನ ಗುಂಡಿ) ಇದ್ದಾಗ ಏನು ಮಾಡುತ್ತೀರಿ? ಅಲ್ಲಿ ಇನ್ನೂ ಸಿಕ್ಕಿಹಾಕಿಕೊಳ್ಳುತ್ತಿದ್ದೇನೆ.